ಕಿಡ್ನಿ ಕೊಟ್ಟ ಮೇಲೆ ಭುಜ ಏಕೆ ನೋಯುತ್ತದೆ?

ಪ್ರಶ್ನೆ: ಅಕ್ಕ ತನ್ನ ಮಗನಿಗೆ ಕಿಡ್ನಿ ಕೊಟ್ಟು 5 ದಿನವಾಯಿತು. ಲ್ಯಾಪ್ರೋಸ್ಕೋಪಿ ಆಪರೇಷನ್. ಹೊಟ್ಟೆಗಿಂತ ಭುಜವೇ ನೋಯುತ್ತದೆ ಎನ್ನುತ್ತಾಳೆ. ಮನೆಯಲ್ಲಿರುವ ನೋವಿನ ಮಾತ್ರೆ ಕೊಡಬಹುದೇ? ಮನೆಗೆಲಸ ಯಾವಾಗ ಶುರುಮಾಡಬಹುದು?

ಉತ್ತರ: ಆಪರೇಷನ್ ವೇಳೆ ಹೊಟ್ಟೆಗೆ ತುಂಬಿದ ಇಂಗಾಲದ ಡೈಆಕ್ಸೈಡ್ ವಪೆಯನ್ನು (ಎದೆ, ಹೊಟ್ಟೆಗಳ ನಡುವಿನ ಸ್ನಾಯು ಪದರ) ಕೆರಳಿಸುತ್ತದೆ. ವಪೆಯ ನರ ಕತ್ತಿನಿಂದ ಬರುವುದರಿಂದ ನೋವು ಭುಜದಲ್ಲಿ ಕಾಣಿಸುತ್ತದೆ. ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಮನೆಯೊಳಗೇ ಆಗಾಗ ನಡೆದಾಡಲಿ. ಆದರೆ ಎದೆನೋವು, ಉಸಿರುಕಟ್ಟುವಿಕೆ ಜೊತೆಗಿದ್ದರೆ ಅದನ್ನು ಗ್ಯಾಸ್ ಎಂದು ತಳ್ಳಿಹಾಕದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಮನೆಯ ಡಬ್ಬಿಯ ಮಾತ್ರೆ ಬೇಡವೇ ಬೇಡ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಎರಡೂ ಕಿಡ್ನಿಗೆ ಹೋಗುವ ರಕ್ತವನ್ನು ತಗ್ಗಿಸುತ್ತವೆ. ಈಗ ಇರುವುದು ಒಂದೇ. ಹಲ್ಲುನೋವಿಗೆ ಹೋದರೂ ಇದನ್ನು ಮೊದಲೇ ಹೇಳಬೇಕು. ವೈದ್ಯರು ಬರೆದ ಪ್ಯಾರಾಸಿಟಮಾಲ್ ಅನ್ನು ಹೊತ್ತಿಗೆ ಸರಿಯಾಗಿ ಕೊಡಿ. ನೋವು ಏರಿದ ಮೇಲೆ ನುಂಗಿದರೆ ಹಿಡಿತಕ್ಕೆ ಬರುವುದು ತಡ. ಟ್ರಮಡಾಲ್ ಎಂಬ ಬಲವಾದ ನೋವಿನ ಮಾತ್ರೆ ಕೊಟ್ಟಿದ್ದರೆ ಮಲಬದ್ಧತೆ ಸಾಮಾನ್ಯ. ಮುಕ್ಕಿದರೆ ಹೊಲಿಗೆ ಎಳೆಯುತ್ತದೆ, ಆದ್ದರಿಂದ ಮಲ ಸಡಿಲಿಸುವ ಔಷಧವನ್ನೂ ಕೇಳಿ ಪಡೆಯಿರಿ. ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಲಿ. ಏಳುವಾಗ ನೇರವಾಗಿ ಅಲ್ಲ, ಪಕ್ಕಕ್ಕೆ ಹೊರಳಿ, ಕೈ ಊರಿ.

6 ವಾರ 4–5 ಕಿಲೋಗಿಂತ ಭಾರ ಎತ್ತಬಾರದು. ತುಂಬಿದ ಕೊಡ, ಇಡ್ಲಿ ಹಿಟ್ಟಿನ ಗ್ರೈಂಡರ್ ಎರಡೂ ಇದರಲ್ಲಿ ಸೇರಿದವು. ಒಳಗಿನ ಪದರ ಕೂಡುವ ಮೊದಲೇ ಎತ್ತಿದರೆ ಗಾಯದ ಜಾಗದಲ್ಲಿ ಹರ್ನಿಯಾ ಆಗಬಹುದು.

100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಗಾಯದಿಂದ ಕೀವು, ಒಂದೇ ಕಾಲಿನಲ್ಲಿ ಊತ ಕಂಡರೆ ಅಂದೇ ತೋರಿಸಿ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ತ್ಯಾಜ್ಯ) ಮೊದಲಿಗಿಂತ ಹೆಚ್ಚು ಬಂದರೆ ಗಾಬರಿ ಬೇಡ. ಒಂದೇ ಕಿಡ್ನಿಯಲ್ಲಿ ಅದು ನಿರೀಕ್ಷಿತವೇ. ಬಿಪಿ, ಮೂತ್ರದ ಪ್ರೋಟೀನ್ ಜೊತೆ ಅದನ್ನೂ ಪ್ರತಿವರ್ಷ ನೋಡಿಸಿ.