ಮಾವನವರ ನಾಯಿ ಮಂಕಾಗಿದೆ, ಬೇರೆಯವರಿಗೆ ಕೊಟ್ಟುಬಿಡುವುದಾ?

ಪ್ರಶ್ನೆ: ಕೊಡಗಿನ ನಾಪೋಕ್ಲು ಹತ್ತಿರದ ಕಾಫಿ ತೋಟದಲ್ಲಿ ನಮ್ಮ ಮನೆ. ನಾಲ್ಕು ತಿಂಗಳ ಹಿಂದೆ ಮಾವ ತೀರಿಕೊಂಡರು. ಅವರ ಎಂಟು ವರ್ಷದ ನಾಯಿ ಕರಿಯ ಅವತ್ತಿನಿಂದ ಸರಿಯಿಲ್ಲ. ಅರ್ಧ ಅನ್ನ ತಟ್ಟೆಯಲ್ಲೇ ಬಿಡುತ್ತಾನೆ. ಜಗಲಿ ಮೂಲೆಯಲ್ಲಿ ಬಿದ್ದುಕೊಂಡು ಮುಂಗಾಲು ನೆಕ್ಕಿ ನೆಕ್ಕಿ ಗಾಯ ಮಾಡಿಕೊಂಡಿದ್ದಾನೆ. ಆನೆ ಓಡಿಸಲು ಪಟಾಕಿ ಹೊಡೆದರೆ ಸೌದೆ ಕೊಟ್ಟಿಗೆಗೆ ಓಡಿ ಅಲ್ಲೇ ಉಚ್ಚೆ ಹೊಯ್ಯುತ್ತಾನೆ. 'ಇನ್ನು ಕಾವಲಿಗೆ ಆಗಲ್ಲ, ಸಿದ್ದಾಪುರದ ಸ್ನೇಹಿತನಿಗೆ ಕೊಟ್ಟು ಮರಿ ತರೋಣ' ಅಂತಾರೆ ನಮ್ಮವರು. ಅತ್ತೆ ಮಾತೇ ಆಡಲ್ಲ. ನಾಯಿಗೂ ಖಿನ್ನತೆ ಬರುತ್ತಾ ಅಂದರೆ ಎಲ್ಲರೂ ನಗುತ್ತಾರೆ. ನಾನು ಸುಮ್ಮನಿರಲಾ?

ಉತ್ತರ: ಸುಮ್ಮನಿರಬೇಡಿ. ಕರಿಯನನ್ನು ಈಗ ಎಲ್ಲಿಗೂ ಕಳಿಸಬೇಡಿ. ಅವನಿಗೆ ಉಳಿದಿರುವುದು ಆ ಮನೆ, ಆ ವಾಸನೆ, ನೀವುಗಳು. ಅದೂ ಹೋದರೆ ಇನ್ನಷ್ಟು ಕುಗ್ಗುತ್ತಾನೆ.

ನಗುವವರಿಗೆ ಇಷ್ಟು ಹೇಳಿ: ಮನುಷ್ಯರ ಖಿನ್ನತೆಗೆ ಕೊಡುವ ಫ್ಲೂಆಕ್ಸೆಟಿನ್ ಅನ್ನು ಒಂಟಿ ಬಿಟ್ಟಾಗ ನಾಯಿಗೆ ಆಗುವ ಆತಂಕಕ್ಕೂ ಬಳಸಲು ಅಮೆರಿಕದಲ್ಲಿ 2007ರಲ್ಲೇ ಒಪ್ಪಿಗೆ ಸಿಕ್ಕಿದೆ. ನಾಯಿಯ ಭಯ ಮೈಮೇಲೆ ಕಾಣುತ್ತದೆ. ಸೆಖೆ ಇಲ್ಲದಿದ್ದರೂ ಏದುಸಿರು, ಪದೇ ಪದೇ ಆಕಳಿಕೆ, ತುಟಿ ನೆಕ್ಕುವುದು, ಕಾಲ ಸಂದಿಗೆ ಬಾಲ. ಕೊರಗು ಅಷ್ಟು ಬೇಗ ಕಾಣಲ್ಲ. ಊಟ ಕಡಿಮೆಯಾಗುತ್ತದೆ, ನಿದ್ದೆ ಏರುಪೇರಾಗುತ್ತದೆ, ಹೆಸರು ಹಿಡಿದು ಕರೆದರೂ ಏಳಲ್ಲ. ನಿಮ್ಮ ಕರಿಯನಲ್ಲಿ ಎರಡೂ ಇರುವ ಹಾಗಿದೆ.

ಆದರೆ ಮೊದಲು ಪಶುವೈದ್ಯರ ಹತ್ತಿರ ಹೋಗಿ. ನಮ್ಮ ತೋಟಗಳಲ್ಲಿ ರಕ್ತ ಹೀರುವ ಉಣ್ಣೆ ಹುಳದ ಕಾಟ ನಿಮಗೇ ಗೊತ್ತು. ಅದು ಕಚ್ಚಿ ಟಿಕ್ ಫೀವರ್ ಬಂದ ನಾಯಿಯೂ ಹೀಗೇ ಊಟ ಬಿಟ್ಟು ಮಂಕಾಗುತ್ತದೆ. ತುಟಿ ಎತ್ತಿ ನೋಡಿ, ಒಸಡು ಬಿಳಿಚಿಕೊಂಡಿದ್ದರೆ ಒಂದು ದಿನವೂ ತಡಮಾಡಬೇಡಿ. ರಕ್ತ ಪರೀಕ್ಷೆ ಮಾಡಿಸಿ. ಕೀಲು ನೋವು, ಚರ್ಮದ ಅಲರ್ಜಿ ಇದ್ದರೂ ಕಾಲು ನೆಕ್ಕುತ್ತದೆ. ಮನೆಯಲ್ಲಿರುವ ಪ್ಯಾರಸಿಟಮಾಲ್, ಬ್ರೂಫೆನ್ ಮಾತ್ರ ಕೊಡಲೇಬೇಡಿ, ನಾಯಿಯ ಜೀವಕ್ಕೆ ಅಪಾಯ.

ಇನ್ನೊಂದು ವಿಷಯ ನನ್ನ ಮನಸ್ಸಿಗೆ ಬಂತು. ಮಾವ ಹೋದ ದಿನ, ಸಾವಿನ ಸುದ್ದಿ ತಿಳಿಸುವ ಕೊಡವ ಪದ್ಧತಿಯಂತೆ ಅಂಗಳದಲ್ಲಿ ಎರಡು ಗುಂಡು ಹಾರಿಸಿರುತ್ತೀರಿ, ಅಲ್ವಾ? ಕರಿಯನ ಕಡೆಯಿಂದ ಯೋಚಿಸಿ. ಎರಡು ಸದ್ದು, ಮನೆ ತುಂಬ ಜನ, ಅಳು. ಆಮೇಲೆ ಅವರು ಕಾಣಲೇ ಇಲ್ಲ. ಪಟಾಕಿ ಸದ್ದಿಗೆ ಅವನು ಹೆದರುವುದಕ್ಕೆ ಇದೂ ಕಾರಣ ಇರಬಹುದು. ಬೈಯಬೇಡಿ. ಹೆದರಿದಾಗ ಸಮಾಧಾನ ಮಾಡಿದರೆ ಭಯ ಜಾಸ್ತಿಯಾಗುತ್ತದೆ ಅನ್ನುವ ಮಾತು ಸುಳ್ಳು. ಹತ್ತಿರ ಬಂದರೆ ಮೈ ಸವರಿ, ಪಕ್ಕದಲ್ಲಿ ಕೂತುಕೊಳ್ಳಿ.

ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಬರುತ್ತಿದೆ. ಗದ್ದೆಯಲ್ಲಿ ಹೊಸ ಭತ್ತದ ಕದಿರು ತೆಗೆಯುವಾಗ ಗುಂಡು ಹಾರಿಸುತ್ತಾರೆ. ಕದಿರು ತೆಗೆಯುವ ಹೊತ್ತನ್ನು ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಮೊದಲೇ ನಿಗದಿ ಮಾಡುತ್ತಾರಲ್ಲ, ಅದು ನಿಮಗೆ ಅನುಕೂಲ. ಗುಂಡು ಹಾರುವ ಮೊದಲೇ ಕರಿಯನನ್ನು ಒಳಕೋಣೆಗೆ ಕರೆದುಕೊಂಡು ಹೋಗಿ, ಕಿಟಕಿ ಹಾಕಿ, ಟಿವಿ ಹಚ್ಚಿ. ಆ ರಾತ್ರಿಗೆ ಮಾತ್ರ ಕೊಡುವ ಮಾತ್ರೆಯೂ ಇದೆ, ಈಗಲೇ ವೈದ್ಯರನ್ನು ಕೇಳಿಡಿ. ಫ್ಲೂಆಕ್ಸೆಟಿನ್ ತರಹದ್ದು ಬೇಕಾದರೆ ಅದು ಹಿಡಿಯಲು ಕೆಲವು ವಾರ ಬೇಕು.

ದಿನದ ಕ್ರಮ ತಪ್ಪಿಸಬೇಡಿ. ಮಾವ ಬೆಳಿಗ್ಗೆ ಎಷ್ಟು ಹೊತ್ತಿಗೆ, ಯಾವ ದಾರಿಯಲ್ಲಿ ತೋಟ ಸುತ್ತುತ್ತಿದ್ದರು ಅಂತ ಅತ್ತೆಯನ್ನು ಕೇಳಿ. ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲ್ಲ. ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಕರಿಯನನ್ನು ಕರೆದುಕೊಂಡು ಹೋಗಿ. ಅತ್ತೆ ಬರುತ್ತೇನೆ ಅಂದರೆ ಅವರ ಕೈಗೇ ಬೆಲ್ಟ್ ಕೊಡಿ.

ನಿಮ್ಮವರ ಮೇಲೆ ಕೋಪ ಬೇಡ. ಅವರೂ ಅಪ್ಪನನ್ನು ಕಳೆದುಕೊಂಡಿದ್ದಾರೆ. ಅಪ್ಪನ ನಾಯಿ ದಿನಾ ಹಾಗೆ ಮಲಗಿರುವುದನ್ನು ನೋಡಲಾಗದೆ ಕಳಿಸೋಣ ಅಂತಿರಬಹುದು. ಮೂರು ತಿಂಗಳು ಸಮಯ ಕೇಳಿ, ಮರಿಯ ಮಾತು ಆಮೇಲೆ. ಆಸ್ಪತ್ರೆಗೆ ಅವರನ್ನೇ ಜೊತೆಗೆ ಕರೆಯಿರಿ. ಜೀಪಿನ ಹಿಂದೆ ಮಾವನವರ ಹಳೇ ಕಂಬಳಿ ಹಾಸಿ, ಕರಿಯ ತಾನಾಗೇ ಹತ್ತಬಹುದು.