ಪ್ರತಿಕ್ರಿಯೆ: ಗಿಳಿಯ ಮೊಟ್ಟೆ ಬಿಳಿಯೇಕೆ?
ಟಿಟ್ಟಿಭದ ಮೊಟ್ಟೆ ಮಚ್ಚೆಗಳಿಂದ ತುಂಬಿರುವಾಗ ಗಿಳಿಯ ಮೊಟ್ಟೆ ಬರೀ ಬಿಳಿಯೇಕೆ ಎಂದು ಕೇಳಿದ್ದೀರಿ. ಚಿಪ್ಪಿಗೆ ಬಣ್ಣ ಕೊಡುವುದು ಮುಖ್ಯವಾಗಿ ಎರಡೇ ವರ್ಣದ್ರವ್ಯಗಳು: ನೀಲಿ-ಹಸಿರಿನ ಬಿಲಿವರ್ಡಿನ್ ಮತ್ತು ಕೆಂಗಂದಿನ ಪ್ರೋಟೋಪಾರ್ಫಿರಿನ್. ಬಯಲು ನೆಲದಲ್ಲಿ, ಕಲ್ಲುಹರಳುಗಳ ನಡುವೆಯೇ ಮೊಟ್ಟೆಯಿಡುವ ಟಿಟ್ಟಿಭಕ್ಕೆ ಶತ್ರುವಿನ ಕಣ್ಣು ತಪ್ಪಿಸಲು ಮಚ್ಚೆಗಳು ನೆರವಾಗುತ್ತವೆ. ಪೊಟರೆಯ ಕತ್ತಲಲ್ಲಿ ಮೊಟ್ಟೆಯಿಡುವ ಗಿಳಿಗೆ ಅಂತಹ ಒತ್ತಡವಿಲ್ಲದ್ದರಿಂದ ಬಣ್ಣ ಉಳಿಯಲಿಲ್ಲವೆಂಬ ವಿವರಣೆ ನನಗೆ ಬಹುಮಟ್ಟಿಗೆ ಒಪ್ಪಿಗೆ. ಬಹುಮಟ್ಟಿಗೆ ಎಂದದ್ದೇಕೆಂದರೆ, ಪೊಟರೆಯಲ್ಲೇ ಗೂಡು ಕಟ್ಟುವ ಮಡಿವಾಳ ಹಕ್ಕಿಯ ಮೊಟ್ಟೆ ತಿಳಿನೀಲಿ-ಹಸಿರು, ಮೇಲೆ ಕಂದು ಚುಕ್ಕೆಗಳು ಬೇರೆ! ಇವೇ ಎರಡು ವರ್ಣದ್ರವ್ಯಗಳು ಕೆಲವು ಡೈನೋಸಾರ್‌ಗಳ ಮೊಟ್ಟೆಯ ಪಳೆಯುಳಿಕೆಗಳಲ್ಲೂ ಇದ್ದವೆಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದ್ದರಿಂದ, ಮೊಟ್ಟೆಯ ಬಣ್ಣ ಹಕ್ಕಿಗಳಿಗಿಂತಲೂ ಹಳೆಯದು. ಗಿಳಿಯ ಬಿಳಿಯನ್ನು ಪೂರ್ವಜರ ಬಣ್ಣವನ್ನು ಕಳೆದುಕೊಂಡ ಸ್ಥಿತಿಯೆಂದು ನೋಡುವುದು ಹೆಚ್ಚು ಸರಿ.