ಬ್ರೂಖ್ ನುಡಿಸಲಾ, ಸಿಬೇಲಿಯಸ್ ನುಡಿಸಲಾ? ಕನ್ಸರ್ವೇಟರಿ ಆಡಿಷನ್ ಬಗ್ಗೆ ನನ್ನ ಅನುಭವ

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಒಂಬತ್ತು ವರ್ಷದಿಂದ ವಯೊಲಿನ್ ಕಲಿಯುತ್ತಿದ್ದೀರಿ, ಮುಂದಿನ ವರ್ಷ ದೊಡ್ಡ ಕನ್ಸರ್ವೇಟರಿಗಳಿಗೆ, ಅಂದರೆ ಪಾಶ್ಚಾತ್ಯ ಸಂಗೀತದ ಕಾಲೇಜುಗಳಿಗೆ, ಅರ್ಜಿ ಹಾಕಬೇಕು. ಬ್ರೂಖ್‌ನ ಜಿ ಮೈನರ್ ಕನ್ಚೆರ್ಟೊ (ಆರ್ಕೆಸ್ಟ್ರಾ ಜೊತೆ ಒಂಟಿ ವಯೊಲಿನ್‌ಗೆ ಬರೆದ ದೊಡ್ಡ ಕೃತಿ) ಚೆನ್ನಾಗಿ ಕೂತಿದೆ. ಆದರೆ ಅದನ್ನು ಎಲ್ಲರೂ ನುಡಿಸುತ್ತಾರೆ, ಎದ್ದು ಕಾಣಬೇಕಾದರೆ ಈಗಲೇ ಅದಕ್ಕಿಂತ ಕಷ್ಟದ ಸಿಬೇಲಿಯಸ್ ಕನ್ಚೆರ್ಟೊ ಶುರು ಮಾಡಬೇಕಾ ಅಂತ.

ಬೇಡ. ಬ್ರೂಖ್ ನುಡಿಸಿ.

ಇಷ್ಟು ಖಡಾಖಂಡಿತವಾಗಿ ಹೇಳೋದಕ್ಕೆ ಕಾರಣ ಇದೆ. ಅರ್ಜಿ ಹಾಕಿದ ಮೊದಲ ವರ್ಷ ನಾನು ಇದೇ ಕೆಲಸ ಮಾಡಿದ್ದೆ, ಅದೂ ಇದೇ ಸಿಬೇಲಿಯಸ್. ಐದು ಕಡೆ ಅರ್ಜಿ ಹಾಕಿದ್ದೆ, ನಾಲ್ಕು ಕಡೆ ಪ್ರೀಸ್ಕ್ರೀನಿಂಗ್‌ನಲ್ಲೇ ಹೋಯಿತು. ಪ್ರೀಸ್ಕ್ರೀನಿಂಗ್ ಅಂದರೆ ಎದುರು ಬಂದು ನುಡಿಸಿ ಅಂತ ಕರೆಯುವ ಮುಂಚೆ ಅವರು ತರಿಸಿಕೊಳ್ಳುವ ವಿಡಿಯೊ. ಅಲ್ಲೇ ಜಾಸ್ತಿ ಜನ ಉದುರುತ್ತಾರೆ. ಆಡಿಷನ್ ಅಂದ ತಕ್ಷಣ ನಾವು ವೇದಿಕೆ, ತೀರ್ಪುಗಾರರು ಅಂತೆಲ್ಲ ಕಲ್ಪಿಸಿಕೊಂಡು ಅದಕ್ಕೆ ತಯಾರಾಗುತ್ತೇವೆ, ಆದರೆ ನಿಜವಾದ ಮೊದಲ ಆಡಿಷನ್ ಒಂದು ಫೋನಿನ ಮುಂದೆ ನಡೆದು ಹೋಗಿರುತ್ತದೆ.

ಆ ರೆಕಾರ್ಡಿಂಗ್ ದಿನ ಈಗಲೂ ಕಣ್ಣ ಮುಂದಿದೆ. ಒಂದು ಮೂವ್‌ಮೆಂಟನ್ನು, ಅಂದರೆ ಕೃತಿಯ ಒಂದು ಪೂರ್ತಿ ಭಾಗವನ್ನು, ಮಧ್ಯೆ ಕತ್ತರಿಸದೆ ಒಂದೇ ಉಸಿರಿನಲ್ಲಿ ನುಡಿಸಬೇಕು, ಎಡಿಟ್ ಮಾಡುವ ಹಾಗಿಲ್ಲ. ಸಿಬೇಲಿಯಸ್ ಮೊದಲ ಮೂವ್‌ಮೆಂಟ್ ಹದಿನೈದು ನಿಮಿಷ ಹಿಡಿಯುತ್ತದೆ. ಕೊನೆಯಲ್ಲಿ ಆಕ್ಟೇವ್‌ಗಳು (ಒಂದೇ ಸ್ವರವನ್ನು ಎರಡು ಸ್ಥಾಯಿಯಲ್ಲಿ ಒಟ್ಟಿಗೆ ನುಡಿಸುವುದು) ಬರುವ ಹೊತ್ತಿಗೆ ನನ್ನ ಬಲ ಹೆಗಲು ಕಿವಿಯವರೆಗೆ ಏರಿರುತ್ತಿತ್ತು. ಕಮಾನು ತಂತಿಯ ಮೇಲೆ ಓಡುವ ಬದಲು ಅದನ್ನು ಒತ್ತಿ ಹಿಸುಕುತ್ತಿತ್ತು. ಹದಿನಾಲ್ಕು ಸಲ ನುಡಿಸಿದೆ. ಒಂಬತ್ತನೆಯ ಸಲ ಎಲ್ಲ ಸರಿಯಾಗಿ ಬಂತು ಅನ್ನುವಷ್ಟರಲ್ಲಿ ಪಿಯಾನೊ ನುಡಿಸುತ್ತಿದ್ದವರು ಪುಟ ತಿರುಗಿಸುವಾಗ ಹಾಳೆ ಕೆಳಗೆ ಬಿತ್ತು. ಪಾಪ, ಅವರಿಗೂ ಸಾಕಾಗಿತ್ತು. ಕಳಿಸಿದ್ದು ಕೊನೆಗೆ ಮೂರನೆಯ ಟೇಕ್.

ಎರಡು ವರ್ಷ ಬಿಟ್ಟು ಆ ವಿಡಿಯೊ ನೋಡಿದೆ. ಮೊದಲ ಎರಡು ನಿಮಿಷದಲ್ಲೇ ಗೊತ್ತಾಗುತ್ತದೆ. ಶ್ರುತಿ ಅಲ್ಲಲ್ಲಿ ಜಾರುತ್ತದೆ, ಮೆಲ್ಲಗೆ ನುಡಿಸಬೇಕಾದ ಕಡೆ ನಾದವೇ ಇಲ್ಲ, ಮುಂದೆ ಬರುವ ಕಷ್ಟದ ಜಾಗಕ್ಕೆ ಹೆದರಿಕೊಂಡು ಈಗಿನ ಸಾಲನ್ನು ಓಡಿಸುತ್ತಿದ್ದೇನೆ. ಕೇಳುವವರಿಗೆ ಸಿಬೇಲಿಯಸ್ ಕೇಳಿಸಿಲ್ಲ, ನನ್ನ ಹೆದರಿಕೆ ಕೇಳಿಸಿದೆ.

ಒಂದು ವಿಷಯ ನನಗೆ ತಡವಾಗಿ ಹೊಳೆಯಿತು. ಆ ಕಡೆ ಕೂತಿರುವವರು ಮೇಷ್ಟ್ರುಗಳು. ಪ್ಯಾನೆಲ್‌ನಲ್ಲಿರುವ ಒಬ್ಬರಾದರೂ ಮುಂದಿನ ನಾಲ್ಕು ವರ್ಷ ವಾರವಾರ ನಿಮ್ಮ ಜೊತೆ ಒಂದು ಕೋಣೆಯಲ್ಲಿ ಕೂರಬೇಕು. ನೀವು ಎಷ್ಟು ಕಷ್ಟದ್ದು ನುಡಿಸಿದಿರಿ ಅನ್ನೋದು ಅವರಿಗೆ ದೊಡ್ಡ ವಿಷಯ ಅಲ್ಲ. ಈ ಮಗುವಿಗೆ ಕಿವಿ ಇದೆಯಾ, ಹೇಳಿದ್ದು ಹಿಡಿಯುತ್ತದಾ ಅಂತ ನೋಡುತ್ತಾರೆ.

ಎರಡನೆಯ ವರ್ಷ ಬ್ರೂಖ್ ನುಡಿಸಿದೆ. ಜೊತೆಗೆ ಕೈಚಳಕ ತೋರಿಸುವ ಒಂದು ಚಿಕ್ಕ ಪಗನೀನಿ ಕಪ್ರೀಸ್, ಬಾಖ್‌ನ ಎರಡು ಮೂವ್‌ಮೆಂಟ್, ಒಂದು ನಿಧಾನ, ಒಂದು ವೇಗ. ವಯೊಲಿನ್‌ಗೆ ಹೆಚ್ಚು ಕಡೆ ಕೇಳುವುದು ಸುಮಾರು ಇದೇ, ಆದರೂ ಒಂದೊಂದು ಶಾಲೆಯ ಪಟ್ಟಿ ಒಂದೊಂದು ಥರ ಇರುತ್ತದೆ, ಹಾಗಾಗಿ ಎಲ್ಲ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಎಲ್ಲದಕ್ಕೂ ಹೊಂದುವ ಒಂದೇ ಸೆಟ್ ಮಾಡಿಕೊಳ್ಳಿ, ಇಲ್ಲದಿದ್ದರೆ ಆರು ಶಾಲೆಗೆ ಆರು ಥರ ತಯಾರಿ ಮಾಡಿ ಸುಸ್ತಾಗುತ್ತೀರಿ. ಆರಿಸುವಾಗ ನಾನು ಇಟ್ಟುಕೊಂಡ ಅಳತೆ ಇದು: ನಿದ್ದೆಗೆಟ್ಟು, ಕೈ ತಣ್ಣಗಾಗಿ, ಪಕ್ಕದ ಕೋಣೆಯಲ್ಲಿ ಇನ್ನೊಬ್ಬರು ಇದೇ ಕೃತಿಯನ್ನು ನನಗಿಂತ ಜೋರಾಗಿ ಅಭ್ಯಾಸ ಮಾಡುತ್ತಿದ್ದರೂ ನುಡಿಸಬಲ್ಲೆನಾ? ಸುಮ್ನೆ ಹೇಳುತ್ತಿಲ್ಲ, ವಾರ್ಮಪ್ ಕೋಣೆಗಳಲ್ಲಿ ಇದು ನಿಜವಾಗಿಯೂ ಆಗುತ್ತದೆ.

ಆಡಿಷನ್ ಕೋಣೆಯಲ್ಲಿ ಕನ್ಚೆರ್ಟೊ ಎರಡನೆಯ ಪುಟಕ್ಕೆ ಬಂದಿರಲಿಲ್ಲ, ಆಗಲೇ "ಸಾಕು, ಈಗ ಬಾಖ್" ಅಂದರು. ನನ್ನ ಎದೆ ಧಸಕ್ ಅಂತು. ನಿಲ್ಲಿಸಿದರೆ ಕೆಟ್ಟದು ಅಂತಲ್ಲ, ಹತ್ತು ಹದಿನೈದು ನಿಮಿಷದಲ್ಲಿ ಎಲ್ಲ ಕೇಳಬೇಕಲ್ವಾ, ಎಲ್ಲರನ್ನೂ ನಿಲ್ಲಿಸುತ್ತಾರೆ. ಬಾಖ್ ನಿಧಾನ ಮೂವ್‌ಮೆಂಟ್ ಅರ್ಧ ಆದಾಗ ತುದಿಯಲ್ಲಿ ಕೂತಿದ್ದವರು ಪೆನ್ಸಿಲ್ ಕೆಳಗಿಟ್ಟು, ಇದೇ ಸಾಲನ್ನು ಅರ್ಧ ಕಮಾನಿನಲ್ಲಿ ನುಡಿಸಿ, ಕೆಳಗಿನ ಸ್ವರ ಕೇಳಿಸಿಕೊಳ್ಳಿ ಅಂದರು. ನುಡಿಸಿದೆ. ಒಂದು ಸ್ವರ ತಪ್ಪಿತು ಕೂಡ. ಆದರೆ ಸಾಲು ಬೇರೆ ಥರ ಕೇಳಿಸಿತು, ಅವರು ತಲೆಯಾಡಿಸಿ ಪೆನ್ಸಿಲ್ ಎತ್ತಿಕೊಂಡರು. ಮುಂದೆ ನನ್ನ ಮೇಷ್ಟ್ರಾದವರು ಅವರೇ.

ಆದ್ದರಿಂದ ಶಾಲೆಯ ಹೆಸರಿಗಿಂತ ಮೊದಲು ಮೇಷ್ಟ್ರನ್ನು ಹುಡುಕಿ. ಹಲವರು ಅರ್ಜಿಗೆ ಮುಂಚೆ ಒಂದು ಟ್ರಯಲ್ ಪಾಠ ಕೊಡುತ್ತಾರೆ, ಎರಡು ಸಾಲಿನ ಇಮೇಲ್, ಒಂದು ಚಿಕ್ಕ ವಿಡಿಯೊ ಸಾಕು. ಮುಂದಿನ ವರ್ಷ ಅವರ ಹತ್ತಿರ ಎಷ್ಟು ಜಾಗ ಖಾಲಿ ಆಗುತ್ತದೆ ಅಂತ ನೇರವಾಗಿ ಕೇಳಿ, ತಪ್ಪೇನಿಲ್ಲ. ಜಾಗವೇ ಇಲ್ಲದ ಕಡೆ ಎಷ್ಟು ಚೆನ್ನಾಗಿ ನುಡಿಸಿದರೂ ಸಿಗುವುದಿಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಕರ್ಟಿಸ್ ಸಂಗೀತ ಶಾಲೆ ನೋಡಿ, 1928ರಿಂದ ಯಾರಿಂದಲೂ ಬೋಧನಾ ಶುಲ್ಕ ತೆಗೆದುಕೊಳ್ಳುವುದಿಲ್ಲ, ಇಡೀ ಶಾಲೆಗೆ ಸುಮಾರು 160 ವಿದ್ಯಾರ್ಥಿಗಳು ಅಷ್ಟೇ. ಅಲ್ಲಿ ಯಾರಾದರೂ ಮುಗಿಸಿ ಹೋದರೆ ತಾನೇ ಹೊಸಬರಿಗೆ ಜಾಗ? ಅಂಥ ಕಡೆ 'ಇಲ್ಲ' ಅಂದರೆ ಅದನ್ನು ಪೂರ್ತಿ ನಿಮ್ಮ ನುಡಿಸಾಣಿಕೆಯ ಮೇಲೆ ಹಾಕಿಕೊಳ್ಳಬೇಡಿ.

ತಾರೀಖುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಬ್ರಿಟನ್‌ನಲ್ಲಿ ಯುಕ್ಯಾಸ್ ಕನ್ಸರ್ವೇಟ್ವಾರ್ಸ್ ಅನ್ನುವ ಒಟ್ಟು ಅರ್ಜಿ ವ್ಯವಸ್ಥೆಯ ಮೂಲಕ ಆರು ಆಯ್ಕೆವರೆಗೆ ಹಾಕಬಹುದು, ಕೊನೆಯ ದಿನ ಅಕ್ಟೋಬರ್ ಶುರುವಿನಲ್ಲೇ ಬಂದುಬಿಡುತ್ತದೆ. ಲಂಡನ್‌ನ ಗಿಲ್ಡ್‌ಹಾಲ್ ಶಾಲೆ ಅದರಲ್ಲಿಲ್ಲ, ಅದಕ್ಕೆ ನೇರವಾಗಿ ಹಾಕಬೇಕು. ಅಮೆರಿಕದ ಹೆಚ್ಚಿನ ಶಾಲೆಗಳಿಗೆ ಡಿಸೆಂಬರ್ 1ರ ಆಸುಪಾಸು, ಎದುರಿನ ಆಡಿಷನ್ ಜನವರಿಯಿಂದ ಮಾರ್ಚ್ ಒಳಗೆ. ಅಂದರೆ ವಿಡಿಯೊ ಸೆಪ್ಟೆಂಬರ್‌ನಲ್ಲೇ ಆಗಿರಬೇಕು. ಎರಡು ಕೈ, ಮುಖ, ವಾದ್ಯ ಪೂರ್ತಿ ಕಾಣಲಿ. ಫೋನ್ ಆದರೂ ನಡೆಯುತ್ತದೆ, ಮೈಕ್ ಒಂದು ಒಳ್ಳೆಯದಿರಲಿ. ಒಂದು ದಿನಕ್ಕೆ ನಾಲ್ಕು ಟೇಕ್‌ಗಿಂತ ಹೆಚ್ಚು ಬೇಡ, ನನ್ನ ಹದಿನಾಲ್ಕರ ಕಥೆ ಕೇಳಿದಿರಲ್ಲ.

ಥಿಯರಿ ಮತ್ತು ಕಿವಿಯ ಪರೀಕ್ಷೆ ಕೆಲವು ಕಡೆ ಇರುತ್ತದೆ, ಜರ್ಮನಿಯ ಸಂಗೀತ ಶಾಲೆಗಳಲ್ಲಂತೂ ಅದರಲ್ಲಿ ಫೇಲಾದರೆ ಚೆನ್ನಾಗಿ ನುಡಿಸಿಯೂ ಕಷ್ಟ. ದಿನಕ್ಕೆ ಇಪ್ಪತ್ತು ನಿಮಿಷ ಅದಕ್ಕಿಡಿ.

ಸ್ಕೇಲ್, ಅಂದರೆ ಸ್ವರಗಳ ಆರೋಹಣ ಅವರೋಹಣ, ಮರೆಯಬೇಡಿ. ಆ ದಿನ ಕೋಣೆಗೆ ಹೋಗಿ ನಿಂತ ಕೂಡಲೇ ನನ್ನನ್ನು ಮೊದಲು ಕೇಳಿದ್ದು ಬ್ರೂಖೂ ಅಲ್ಲ, ಬಾಖೂ ಅಲ್ಲ, ಮೂರು ಆಕ್ಟೇವ್ ಜಿ ಮೇಜರ್ ಸ್ಕೇಲ್.